ನೆಲಕ್ಕಿಳಿದ ಬಿದಿರು

ಸಂಸತ್ತಿನ ನೆಲದಲ್ಲಿ ಬಿದಿರು, ಬೆಂಗಳೂರು ವಿಮಾನ ನಿಲ್ದಾಣದ ಛಾವಣಿಯಲ್ಲೂ ಬಿದಿರು. ಈಗ ಅದು ನಮ್ಮ ನಡುಮನೆಗೂ ಬರಲು ಸಿದ್ಧ. ಗಟ್ಟಿ, ಬೆಚ್ಚಗೆ, ನೋಡಲು ಚಂದ. ಆದರೆ ಬಕೆಟ್ ನೀರು ಮಾತ್ರ ಇದಕ್ಕಾಗದು!

ಗೌರಿ ಹಬ್ಬಕ್ಕೆ ಇನ್ನೆರಡೇ ದಿನ. ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ಬಾಳೆಕಂದು, ಮಾವಿನ ಸೊಪ್ಪು, ಸೇವಂತಿಗೆ ರಾಶಿಗಳ ನಡುವೆ ಮೊರಗಳನ್ನು ಎದೆಮಟ್ಟಕ್ಕೆ ಪೇರಿಸಿಟ್ಟಿದ್ದಾರೆ. ಕೆಲವಕ್ಕೆ ಅರಿಸಿನ ಬಳಿದಿದೆ, ಕೆಲವು ಇನ್ನೂ ಹಸಿರು ವಾಸನೆಯಲ್ಲೇ ಇವೆ. ಬಾಗಿನಕ್ಕೆ ಜೋಡಿ ಆರಿಸುತ್ತಿರುವ ಹೆಂಗಸು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತಾಳೆ.

'ಕುಟ್ಟೆ ಹಿಡಿದಿಲ್ಲ ತಾನೇ?'

'ಹೊಸ ಬಿದಿರು ಅಕ್ಕಾ, ಮೊನ್ನೆ ಹೆಣೆದಿದ್ದು. ಬೆರಳು ಆಡಿಸಿ ನೋಡಿ.'

ಇದೇ ಊರಿನ ಇನ್ನೊಂದು ಮೂಲೆಯಲ್ಲಿ, ಹವಾನಿಯಂತ್ರಿತ ಷೋರೂಮಿನೊಳಗೆ, ಅದೇ ಬಿದಿರು ಬೇರೆ ವೇಷದಲ್ಲಿದೆ. ಆರಡಿ ಉದ್ದದ ಹಲಗೆಗಳು, ಜೇನಿನ ಬಣ್ಣ, ಕನ್ನಡಿಯಂಥ ಮೆರುಗು. ಹೊಸ ಮನೆ ಕಟ್ಟಿಸುತ್ತಿರುವ ಗಂಡ ಹೆಂಡತಿ ಚಪ್ಪಲಿ ಬಿಟ್ಟು ಮೇಲೆ ನಡೆದು ನೋಡುತ್ತಾರೆ. ಕಾಲಿಗೆ ಹಿತ. ಬೆಲೆ, ಬಣ್ಣ ಎಲ್ಲ ವಿಚಾರಿಸಿದ ಮೇಲೆ ಆಕೆ ಕೇಳುತ್ತಾಳೆ: 'ನೀರು ಬಿದ್ದರೆ?'

'ತಕ್ಷಣ ಒರೆಸಿಬಿಟ್ಟರೆ ಏನೂ ಆಗಲ್ಲ ಮೇಡಂ.'

ಬಿದಿರು ನೆಲದ ಹಣೆಬರಹವೆಲ್ಲ ಆ 'ತಕ್ಷಣ'ದಲ್ಲಿದೆ.

ಸೆಪ್ಟೆಂಬರ್ 18 ವಿಶ್ವ ಬಿದಿರು ದಿನ. 2009ರಲ್ಲಿ ಬ್ಯಾಂಕಾಕ್‌ನಲ್ಲಿ ಸೇರಿದ್ದ ವಿಶ್ವ ಬಿದಿರು ಸಮ್ಮೇಳನದಲ್ಲಿ ನಿಗದಿಯಾದ ದಿನವಿದು. ಕೆಲವು ವರ್ಷ ಅದು ಗೌರಿ ಹಬ್ಬದ ವಾರದಲ್ಲೇ ಬೀಳುತ್ತದೆ. ಮೊರವಾಗಿ, ಬುಟ್ಟಿಯಾಗಿ, ಏಣಿಯಾಗಿ, ಚಟ್ಟವಾಗಿ ನಮ್ಮ ಜೊತೆಗಿದ್ದ ಬಿದಿರು ಈಗ ಟೈಲ್ಸ್, ಗ್ರಾನೈಟ್‌ಗಳ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು ಕೂತಿದೆ. ಬಡಿಸುವ ಮುನ್ನ ಅದರ ಗುಣಾವಗುಣ ತಿಳಿಯುವುದು ಒಳ್ಳೆಯದು.

ಅಟ್ಟದಿಂದ ಸಂಸತ್ತಿಗೆ

ಬೆಂಗಳೂರು ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ 2022ರ ನವೆಂಬರ್ 11ರಂದು ಉದ್ಘಾಟನೆಯಾಯಿತು. ಒಳಗೆ ಕಾಲಿಟ್ಟವರು ಮೊದಲು ಕತ್ತೆತ್ತಿ ನೋಡುವುದು ಅಲ್ಲಿನ ಬಿದಿರಿನ ಛಾವಣಿಯನ್ನು. ಆರು ತಿಂಗಳ ನಂತರ, 2023ರ ಮೇ 28ರಂದು, ದೆಹಲಿಯಲ್ಲಿ ಹೊಸ ಸಂಸತ್ ಭವನ ಉದ್ಘಾಟನೆಯಾಯಿತು. ಅದಕ್ಕೆ ತೇಗ ನಾಗಪುರದಿಂದ, ರತ್ನಗಂಬಳಿ ಮಿರ್ಜಾಪುರದಿಂದ ಬಂದರೆ, ಬಿದಿರಿನ ನೆಲಹಾಸು ತ್ರಿಪುರಾದ ಅಗರ್ತಲಾದಿಂದ ಬಂತು. ಬಡವರ ಮರ ಎನಿಸಿಕೊಂಡಿದ್ದ ಹುಲ್ಲಿಗೆ ಇದಕ್ಕಿಂತ ದೊಡ್ಡ ಜಾಹೀರಾತು ಬೇಕಿರಲಿಲ್ಲ.

ಬಿದಿರಿನ ಮೇಲೆ ನಡೆಯುವುದು ನಮಗೇನೂ ಹೊಸದಲ್ಲ. ಮಲೆನಾಡಿನ ಹಳೆಯ ಮನೆಗಳ ಅಟ್ಟಕ್ಕೆ ಅಡಿಕೆ ಮರದ ಇಲ್ಲವೇ ಬಿದಿರಿನ ದಬ್ಬೆ ಹಾಸಿ, ಮೇಲೆ ಮಣ್ಣು ಮೆತ್ತುತ್ತಿದ್ದರು. ಅಡುಗೆಮನೆಯ ಹೊಗೆ ಏರಿ ಏರಿ ದಬ್ಬೆಗಳು ಕಪ್ಪಾಗುತ್ತಿದ್ದವು. ಆ ಕಪ್ಪಿಗೆ ಹುಳ ಹತ್ತಿರ ಬರುತ್ತಿರಲಿಲ್ಲ.

ಬಿದಿರು ನೆಲದ ನಿಜವಾದ ತವರು ಈಶಾನ್ಯ ಭಾರತ. ಬ್ರಹ್ಮಪುತ್ರದ ದಂಡೆಯ ಮಿಸಿಂಗ್ ಜನರ 'ಚಾಂಗ್ ಘರ್' ಕಂಬಗಳ ಮೇಲೆ ನಿಂತ ಮನೆ. ಪ್ರವಾಹ ಬಂದರೆ ನೀರು ಅಡಿಯಲ್ಲೇ ಹರಿದು ಹೋಗುತ್ತದೆ. ಅದರ ನೆಲ ಪೂರ್ತಿ ಸೀಳಿದ ಬಿದಿರು. ದಬ್ಬೆ ದಬ್ಬೆಗಳ ನಡುವೆ ಸಂದಿ ಇರುವುದರಿಂದ ಚೆಲ್ಲಿದ ನೀರು ಕೆಳಗಿಳಿಯುತ್ತದೆ, ಕೆಳಗಿನ ಗಾಳಿ ಮೇಲೇರಿ ಒಣಗಿಸುತ್ತದೆ. ಸವೆದ ದಬ್ಬೆಯನ್ನು ಕಿತ್ತು ಹೊಸದು ಕಟ್ಟಿದರೆ ದುರಸ್ತಿ ಮುಗಿಯಿತು.

ಷೋರೂಮಿನ ಹಲಗೆ ಇದರ ತದ್ವಿರುದ್ಧ. ಅದರಲ್ಲಿ ಸಂದಿಯೇ ಇಲ್ಲ. ಒಂದಕ್ಕೊಂದು ಬಿಗಿದು, ಅಂಟಿನಿಂದ ಕಟ್ಟಿ, ಮೇಲೆ ಮೆರುಗಿನ ಪದರ ಬಳಿದು, ಸಿಮೆಂಟ್ ನೆಲದ ಮೇಲೆ ಮಲಗಿಸಿದ ನೆಲ ಅದು. ಒಳಗೆ ಹೋದ ನೀರಿಗೆ ಹೊರಬರುವ ದಾರಿಯಿಲ್ಲ. ಸಗಣಿ ಸಾರಿಸಿದ ನೆಲವನ್ನು, ಗಾರೆ ನೆಲವನ್ನು, ಮೊಸಾಯಿಕನ್ನು ನೋಡಿಕೊಂಡ ಅಭ್ಯಾಸವನ್ನೇ ಇದಕ್ಕೂ ಅನ್ವಯಿಸಿದರೆ ತೊಂದರೆ ಶುರುವಾಗುವುದು ಇಲ್ಲಿಂದಲೇ.

ಗಳದಿಂದ ಹಲಗೆಗೆ

ಬಿದಿರಿನ ಕಳಲೆ ಒಂದೇ ಹಂಗಾಮಿನಲ್ಲಿ ತನ್ನ ಪೂರ್ತಿ ಎತ್ತರ ಮುಟ್ಟುತ್ತದೆ. ಆಮೇಲೆ ಅದು ಮರದ ಹಾಗೆ ದಪ್ಪವಾಗುವುದಿಲ್ಲ, ಒಳಗೊಳಗೇ ಬಲಿಯುತ್ತದೆ. ಹಲಗೆಗೆ ನಾಲ್ಕರಿಂದ ಆರು ವರ್ಷ ಬಲಿತ ಗಳ ಬೇಕು. ಅವಸರಕ್ಕೆ ಎಳೆ ಬಿದಿರು ಕಡಿದು ಮಾಡಿದ ಹಲಗೆ ಮೆತ್ತಗಿರುತ್ತದೆ. ನೋಟಕ್ಕೆ ಮಾತ್ರ ಎರಡೂ ಒಂದೇ.

ಕಾರ್ಖಾನೆಗೆ ಬಂದ ಗಳವನ್ನು ಸೀಳಿ, ಮೊದಲು ಹೊರಗಿನ ಹಸಿರು ಸಿಪ್ಪೆಯನ್ನು ಹೆರೆಯುತ್ತಾರೆ. ಮೇದರಿಗೆ ಪ್ರಾಣದಂಥ ಭಾಗ ಅದು. ಮೊರಕ್ಕೆ, ಬುಟ್ಟಿಗೆ ಬಲ ಕೊಡುವ ಒತ್ತಾದ ನಾರು ಇರುವುದು ಆ ಹೊರಮೈಯಲ್ಲಿ. ಆದರೆ ಅಲ್ಲಿರುವ ಮೇಣ ಮತ್ತು ಸಿಲಿಕಾ ಅಂಟು ಕೂರಲು ಬಿಡುವುದಿಲ್ಲ. ಹಾಗಾಗಿ ಹೆಣೆಯುವವರು ಜೋಪಾನ ಮಾಡುವುದನ್ನು ಯಂತ್ರ ತುರಿದು ಹಾಕುತ್ತದೆ.

ಮುಂದಿನ ಕೆಲಸ ಹುಳದ ಊಟ ಕಸಿಯುವುದು. ಬಿದಿರಿನೊಳಗಿನ ಪಿಷ್ಟವೇ ಕುಟ್ಟೆ ಹುಳಕ್ಕೆ ಆಹಾರ. ಹಿಂದಿನವರು ಮಳೆಗಾಲ ಕಳೆದ ಮೇಲೆ ಕೃಷ್ಣಪಕ್ಷ ನೋಡಿ ಕಡಿಯುತ್ತಿದ್ದರು. ಕಡಿದದ್ದನ್ನು ವಾರಗಟ್ಟಲೆ ಹಳ್ಳದಲ್ಲೋ ಕೆರೆಯಲ್ಲೋ ಮುಳುಗಿಸಿಟ್ಟು ಪಿಷ್ಟ ಕರಗಿಸುತ್ತಿದ್ದರು. ಕಾರ್ಖಾನೆಯಲ್ಲಿ ಇದೇ ಕೆಲಸವನ್ನು ಬೋರಾಕ್ಸ್ ಮತ್ತು ಬೋರಿಕ್ ಆಮ್ಲ ಬೆರೆಸಿದ ಬಿಸಿನೀರಿನಲ್ಲಿ ಕೆಲವೇ ತಾಸುಗಳಲ್ಲಿ ಮುಗಿಸುತ್ತಾರೆ.

ಹಲಗೆಯ ಬಣ್ಣ ತೀರ್ಮಾನವಾಗುವುದೂ ಈ ಹಂತದಲ್ಲಿ. ಹಾಗೇ ಬಿಟ್ಟರೆ ತಿಳಿ ಹಳದಿ. ಒತ್ತಡದ ಹಬೆಯಲ್ಲಿ ಬೇಯಿಸಿದರೆ ಒಳಗಿನ ಸಕ್ಕರೆ ಅಂಶ, ಒಲೆಯ ಮೇಲೆ ಮರೆತ ಪಾಕದಂತೆ, ಕಂದು ಬಣ್ಣಕ್ಕೆ ತಿರುಗುತ್ತದೆ. 'ಕಾರ್ಬನೈಸ್ಡ್' ಎಂದು ಮಾರುವುದು ಇದನ್ನೇ. ಬಣ್ಣ ಒಳಗಿನವರೆಗೂ ಇರುವುದರಿಂದ ಗೀರು ಬಿದ್ದರೂ ಬೇರೆ ಬಣ್ಣ ಇಣುಕದು. ಆದರೆ ಬೇಯಿಸಿದ ಬಿದಿರು ಬೇಯಿಸದ್ದಕ್ಕಿಂತ ಸ್ವಲ್ಪ ಮೆದು. ಅಂಗಡಿಯವರು ಹೇಳದೆ ಬಿಡುವ ಮಾತು ಇದು.

ಆಮೇಲೆ ಒಣಗಿಸಿ, ಅಂಟು ಹಚ್ಚಿ, ಬಿಸಿ ಪ್ರೆಸ್ಸಿನಲ್ಲಿ ಒತ್ತಿ, ಅಂಚುಗಳಲ್ಲಿ ತೋಡು ಮತ್ತು ನಾಲಿಗೆ ಕೊರೆದು, ಮೆರುಗಿನ ಪದರ ಹಾಕಿದರೆ ಹಲಗೆ ಸಿದ್ಧ.

> ಮೂರು ಬಗೆ, ಮೂರು ಗುಣ
>
> ಅಡ್ಡ ಜೋಡಣೆ: ದಬ್ಬೆಗಳನ್ನು ಮಲಗಿಸಿ ಅಂಟಿಸಿದ್ದು. ಗಿಣ್ಣುಗಳು ಎದ್ದು ಕಾಣುವುದರಿಂದ ನೋಡಿದ ಕೂಡಲೇ ಬಿದಿರು ಎಂದು ಗೊತ್ತಾಗುತ್ತದೆ.
>
> ಲಂಬ ಜೋಡಣೆ: ದಬ್ಬೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಒತ್ತಿದ್ದು. ಸಣ್ಣ ಸಣ್ಣ ಗೆರೆಗಳ ನೋಟ, ಗಿಣ್ಣು ಅಷ್ಟಾಗಿ ಕಾಣದು.
>
> ಸ್ಟ್ರ್ಯಾಂಡ್ ವೋವನ್: ಬಿದಿರನ್ನು ನಾರುನಾರಾಗಿ ಜಜ್ಜಿ, ಅಂಟಿನಲ್ಲಿ ಅದ್ದಿ, ಭಾರಿ ಒತ್ತಡದಲ್ಲಿ ಗಟ್ಟಿಗೊಳಿಸಿದ್ದು. ಎಲ್ಲಕ್ಕಿಂತ ಗಟ್ಟಿ, ತೂಕವೂ ಹೆಚ್ಚು. ಓಡಾಟ ಜಾಸ್ತಿ ಇರುವ ಮನೆಗೆ ಇದೇ ಸರಿ.

ಗಟ್ಟಿ ಅಂದರೆ ಎಷ್ಟು?

ಮರದ ಗಡಸುತನ ಅಳೆಯಲು 'ಜಂಕಾ' ಪರೀಕ್ಷೆ ಇದೆ. 11.28 ಮಿ.ಮೀ. ವ್ಯಾಸದ ಉಕ್ಕಿನ ಗುಂಡನ್ನು ಅರ್ಧದಷ್ಟು ಮರದೊಳಗೆ ಒತ್ತಲು ಎಷ್ಟು ಬಲ ಬೇಕು ಎಂಬುದು ಲೆಕ್ಕ. ಅಮೆರಿಕದ ಮನೆಗಳ ನೆಲಕ್ಕೆ ಹೆಚ್ಚಾಗಿ ಬಳಸುವ ರೆಡ್ ಓಕ್ ಮರಕ್ಕೆ 1,290 ಪೌಂಡ್ ಬಲ ಬೇಕು. ನಮ್ಮ ಸಾಗುವಾನಿ ಸಾವಿರ ಚಿಲ್ಲರೆ. ಸಾದಾ ಬಿದಿರು ಹಲಗೆ ಓಕ್ ಆಸುಪಾಸಿನಲ್ಲಿರುತ್ತದೆ, ಕಾರ್ಬನೈಸ್ಡ್ ಅದಕ್ಕಿಂತ ಕೆಳಗೆ. ಉತ್ತಮ ಸ್ಟ್ರ್ಯಾಂಡ್ ವೋವನ್ ಹಲಗೆ 3,000 ದಾಟುತ್ತದೆ. ಸಾಗುವಾನಿಯ ಎರಡು ಪಟ್ಟಿಗೂ ಹೆಚ್ಚು!

ಈ ಅಂಕಿ ಹೇಳುವುದು ಕುಕ್ಕರ್ ಬಿದ್ದರೆ ನೆಲಕ್ಕೆ ಎಷ್ಟು ತಗ್ಗು ಬೀಳುತ್ತದೆ ಎಂಬುದನ್ನು. ಗೀರಿನ ಮಾತು ಬೇರೆ. ದಿನನಿತ್ಯ ಗೀರು ಬೀಳುವುದು ಮೇಲಿನ ಮೆರುಗಿನ ಪದರದ ಮೇಲೆ, ಅದನ್ನು ತರುವುದು ಚಪ್ಪಲಿಗೆ ಅಂಟಿಬಂದ ಮರಳು. ಕನ್ನಡಿಗರ ಮನೆಯಲ್ಲಿ ಇನ್ನೊಂದಿದೆ: ರಂಗೋಲಿ. ರಂಗೋಲಿ ಪುಡಿ ಎಂದರೆ ಬೀಸಿದ ಕಲ್ಲು. ದೇವರ ಮುಂದೆ ದಿನವೂ ಅದನ್ನು ಎಳೆದು, ಮರುದಿನ ಒರೆಸಿದರೆ ಮೆರುಗಿಗೆ ದಿನವೂ ಉಪ್ಪುಕಾಗದ ಉಜ್ಜಿದ ಹಾಗೆಯೇ. ದೀಪದ ಎಣ್ಣೆ, ಕುಂಕುಮ, ಅರಿಸಿನಗಳ ಕಲೆ ಬೇರೆ. ಆದ್ದರಿಂದ ದೇವರ ಮನೆಗೆ ಕಲ್ಲೇ ಇರಲಿ.

ಮಂಗಳೂರಿಗೆ ಒಂದು, ಕಲಬುರಗಿಗೆ ಒಂದು

ಬಿದಿರು ಕಡಿದ ಮೇಲೂ ನೀರಿನ ಜೊತೆಗಿನ ನಂಟು ಬಿಡುವುದಿಲ್ಲ. ಗಾಳಿಯಲ್ಲಿ ತೇವ ಏರಿದರೆ ಹಿಗ್ಗುತ್ತದೆ, ಇಳಿದರೆ ಕುಗ್ಗುತ್ತದೆ. ಕೋಣೆಯ ಆರ್ದ್ರತೆ ಶೇ 40ರಿಂದ 60ರ ನಡುವೆ ಇದ್ದರೆ ಅದಕ್ಕೆ ಸುಖ. ನಮ್ಮ ರಾಜ್ಯದಲ್ಲಿ ಆ ಸುಖ ಎಲ್ಲ ಊರಿಗೂ ಇಲ್ಲ.

ಜುಲೈ ತಿಂಗಳ ಮಂಗಳೂರಿನಲ್ಲಿ ಆರ್ದ್ರತೆ ಶೇ 85ರ ಮೇಲೆ. ಮಡಿಕೇರಿ, ಆಗುಂಬೆಗಳಲ್ಲಿ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ. ಅಲ್ಲಿ ಹಲಗೆ ಹಿಗ್ಗಿ, ಗೋಡೆಗೆ ಒತ್ತಿಕೊಂಡು, ನಡುವೆ ಉಬ್ಬಿ ಏಳಬಹುದು. ಅಡಿಯಲ್ಲಿ ಬೂಸ್ಟೂ ಕಟ್ಟಬಹುದು. ಕರಾವಳಿ, ಮಲೆನಾಡಿನ ಮನೆಗಳ ನೆಲ ಅಂತಸ್ತಿಗೆ ಇದು ಬೇಡ. ಮಹಡಿಯ ಮಲಗುವ ಕೋಣೆಯಾದರೆ, ಗಾಳಿ ಬೆಳಕು ಚೆನ್ನಾಗಿದ್ದರೆ, ಯೋಚಿಸಬಹುದು.

ಬೆಂಗಳೂರು, ಮೈಸೂರುಗಳ ಹವೆ ಹೆಚ್ಚುಕಡಿಮೆ ಅನುಕೂಲ. ಆದರೆ ಮಾರ್ಚ್ ಮಧ್ಯಾಹ್ನಗಳಲ್ಲಿ ಬೆಂಗಳೂರಿನ ಆರ್ದ್ರತೆ ಶೇ 30ಕ್ಕಿಂತ ಕೆಳಗಿಳಿಯುವುದುಂಟು. ಆಗ ಹಲಗೆಗಳ ನಡುವೆ ಕೂದಲೆಳೆಯ ಬಿರುಕು ಕಂಡರೆ ಗಾಬರಿ ಬೇಡ. ಮಳೆ ಹಿಡಿದ ಮೇಲೆ ಮುಚ್ಚಿಕೊಳ್ಳುತ್ತದೆ. ಡಿಸೆಂಬರ್ ಬೆಳಗ್ಗೆ ಗ್ರಾನೈಟ್ ಮೇಲೆ ಕಾಲಿಡಲಾಗದ ವಯಸ್ಸಾದವರಿಗೆ ಬಿದಿರು ನೆಲ ನಿಜಕ್ಕೂ ಆರಾಮ. ಅದು ಕಾಲಿನ ಶಾಖವನ್ನು ಕಲ್ಲಿನಷ್ಟು ಬೇಗ ಎಳೆದುಕೊಳ್ಳುವುದಿಲ್ಲ.

ಕಲಬುರಗಿ, ರಾಯಚೂರಿನಲ್ಲಿ ಇದೇ ಗುಣ ಉಪಯೋಗಕ್ಕೆ ಬಾರದು. 40 ಡಿಗ್ರಿ ಬಿಸಿಲಿನ ಊರಿನಲ್ಲಿ ನೆಲ ತಣ್ಣಗಿರಬೇಕು. ಮಧ್ಯಾಹ್ನ ಬರಿನೆಲದ ಮೇಲೆ ಒರಗುವ ಸುಖ ಗೊತ್ತಿದ್ದವರಿಗೆ ಶಹಾಬಾದ್ ಕಲ್ಲಿನ ಮುಂದೆ ಬೇರೆ ಮಾತಿಲ್ಲ.

ಊರು ಯಾವುದೇ ಇರಲಿ, ಅಡುಗೆಮನೆ, ಬಚ್ಚಲು, ಬಾಲ್ಕನಿ, ತುಳಸಿಕಟ್ಟೆಗೆ ಹೋಗುವ ಬಾಗಿಲು, ಇವಿಷ್ಟು ಬಿದಿರಿಗೆ ನಿಷಿದ್ಧ ಪ್ರದೇಶ.

ಅಂಟಿನ ನಂಟು

ಬಿದಿರು ನೈಸರ್ಗಿಕ, ಸರಿ. ಹಲಗೆಯಲ್ಲಿ ಬಿದಿರಿನ ಜೊತೆ ಅಂಟೂ ಇದೆ. ಅಗ್ಗದ ಹಲಗೆಗಳಲ್ಲಿ ಬಳಸುವ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ನಿಧಾನವಾಗಿ ಫಾರ್ಮಾಲ್ಡಿಹೈಡ್ ಅನಿಲ ಬಿಡುತ್ತದೆ. ಕಣ್ಣುರಿ, ಗಂಟಲು ಕೆರೆತ ಅದರ ಮೊದಲ ಸೂಚನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಇದನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ.

ಸ್ಟ್ರ್ಯಾಂಡ್ ವೋವನ್‌ಗೆ ಹೆಚ್ಚಾಗಿ ಬಳಸುವ ಫೀನಾಲ್ ಆಧಾರಿತ ಅಂಟು ಇದಕ್ಕಿಂತ ಸ್ಥಿರ. ಅನಿಲ ಬಿಡುವುದು ಕಡಿಮೆ. ಹಲಗೆಯ ಪೆಟ್ಟಿಗೆಯ ಮೇಲೆ 'ಇ1' ಅಥವಾ 'ಇ0' ದರ್ಜೆಯ ಗುರುತಿದೆಯೇ ನೋಡಿ. ಯುರೋಪಿನ 'ಇ1' ದರ್ಜೆ ಎಂದರೆ ಪರೀಕ್ಷಾ ಕೋಣೆಯ ಗಾಳಿಯಲ್ಲಿ ಸುಮಾರು 0.1 ಪಿಪಿಎಂ ಮಿತಿ. ಪೆಟ್ಟಿಗೆ ತೆರೆದಾಗ ಮೂಗಿಗೆ ಘಾಟು ಹೊಡೆದರೆ ಯಾವ ಪ್ರಮಾಣಪತ್ರವನ್ನೂ ನಂಬಬೇಡಿ.

ಹಸಿರಿನ ಲೆಕ್ಕ

ಬಿದಿರು ನೆಲ ಮಾರುವವರ ಮೊದಲ ಮಾತು ಪರಿಸರ. ಅದರಲ್ಲಿ ಹುರುಳಿದೆ. ಸಾಗುವಾನಿ ಹದಕ್ಕೆ ಬರಲು ದಶಕಗಳು ಬೇಕು. ಬಿದಿರಿಗೆ ಐದಾರು ವರ್ಷ ಸಾಕು. ಬಲಿತ ಗಳ ಕಡಿದರೂ ಮೆಳೆ ಸಾಯುವುದಿಲ್ಲ, ಮುಂದಿನ ಮಳೆಗೆ ಮತ್ತೆ ಕಳಲೆ ಏಳುತ್ತದೆ.

ಆದರೆ ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. ಜಗತ್ತಿನ ಬಿದಿರು ನೆಲಹಾಸಿನ ದೊಡ್ಡ ಪಾಲು ಚೀನಾದ 'ಮೊಸೊ' ಬಿದಿರಿನದು. ನೆಟ್ಟಗೆ ಬೆಳೆಯುವ, ಗೋಡೆ ದಪ್ಪವಿರುವ ಗಳ ಅದು. ಝೆಜಿಯಾಂಗ್ ಪ್ರಾಂತ್ಯದ ಆಂಜಿ ಜಿಲ್ಲೆ ಈ ಉದ್ಯಮಕ್ಕೆ ಹೆಸರುವಾಸಿ. ಅಲ್ಲಿಂದ ಹಡಗಿನಲ್ಲಿ ಬರಬೇಕು. ನಮ್ಮ ದೇಶದ್ದೇ ಬೇಕೆಂದರೆ ಅಗರ್ತಲಾ ಬಳಿಯ ಬೋಧ್‌ಜಂಗ್‌ನಗರ ಕೈಗಾರಿಕಾ ಪ್ರದೇಶದಲ್ಲಿ ತಯಾರಾಗುತ್ತದೆ. ಅಲ್ಲಿಂದ ಬೆಂಗಳೂರಿಗೆ ರಸ್ತೆಯಲ್ಲಿ 3,000 ಕಿಲೋಮೀಟರಿಗೂ ಹೆಚ್ಚು.

ನಮ್ಮ ಕಾಡಿನ ಬಿದಿರು ಯಾಕಾಗಬಾರದು? ಹೆಬ್ಬಿದಿರು ಮುಳ್ಳಿನ ಬಲೆ. ಕಡಿದು ಹೊರಗೆಳೆಯುವುದೇ ಸಾಹಸ. ಕಿರುಬಿದಿರು ಗಟ್ಟಿಯಿದ್ದರೂ ಸಪೂರ, ಎಷ್ಟೋ ಸಲ ಡೊಂಕು. ಅಗಲ ದಬ್ಬೆ ಬೇಕಾದ ಹಲಗೆಗೆ ಇವು ಕಷ್ಟ. ಆದರೆ ನಾರು ಜಜ್ಜಿ ಒತ್ತುವ ಸ್ಟ್ರ್ಯಾಂಡ್ ವಿಧಾನಕ್ಕೆ ಡೊಂಕು ಅಡ್ಡಿಯಲ್ಲ. ಸಂಶೋಧನೆಯೂ ದೂರವಿಲ್ಲ: ಬೆಂಗಳೂರಿನ ತುಮಕೂರು ರಸ್ತೆಯ ಪ್ಲೈವುಡ್ ಸಂಶೋಧನಾ ಸಂಸ್ಥೆ 'ಇಪಿರ್ಟಿ', ಬಿದಿರು ಚಾಪೆಗಳನ್ನು ಒತ್ತಿ ಮಾಡುವ ಬೋರ್ಡು ಮತ್ತು ಚಾವಣಿ ಶೀಟುಗಳಿಗೆ ದೇಶದಲ್ಲೇ ಹೆಸರಾದದ್ದು.

ಕಾನೂನಿನ ತೊಡಕೂ ಸಡಿಲವಾಗಿದೆ. 1927ರ ಭಾರತೀಯ ಅರಣ್ಯ ಕಾಯ್ದೆ ಬಿದಿರನ್ನು ಮರಗಳ ಸಾಲಿಗೆ ಸೇರಿಸಿದ್ದರಿಂದ, ತನ್ನ ಹೊಲದ ಬಿದಿರು ಕಡಿದು ಸಾಗಿಸಲೂ ರೈತ ಅನುಮತಿಗೆ ಅಲೆಯಬೇಕಿತ್ತು. 2017ರ ತಿದ್ದುಪಡಿ ಕಾಡಿನ ಹೊರಗೆ ಬೆಳೆದ ಬಿದಿರನ್ನು ಆ ಪಟ್ಟಿಯಿಂದ ಬಿಡಿಸಿತು. ಮರುವರ್ಷದ ಕೇಂದ್ರ ಬಜೆಟ್ ರಾಷ್ಟ್ರೀಯ ಬಿದಿರು ಮಿಷನ್‌ಗೆ 1,290 ಕೋಟಿ ರೂಪಾಯಿ ಘೋಷಿಸಿತು. ನಮ್ಮ ರೈತನ ಬಿದಿರು ನಮ್ಮ ಊರಿನಲ್ಲೇ ಹಲಗೆಯಾದ ದಿನ ಪರಿಸರದ ಮಾತಿಗೆ ಪೂರ್ತಿ ಬೆಲೆ ಬರುತ್ತದೆ.

> ಬಿದಿರು ಚುಟುಕು
>
> • ಬಿದಿರು ಹುಲ್ಲಿನ ಕುಟುಂಬಕ್ಕೆ ಸೇರಿದ್ದು. ಭತ್ತ, ರಾಗಿ, ಕಬ್ಬು ಅದರ ದಾಯಾದಿಗಳು.
>
> • ಭಾರತದಲ್ಲಿ ಹೊರಗಿನಿಂದ ತಂದವೂ ಸೇರಿ 136 ಪ್ರಭೇದಗಳಿವೆ.
>
> • 2021ರ ಅರಣ್ಯ ಸಮೀಕ್ಷೆಯಂತೆ ದೇಶದಲ್ಲಿ ಬಿದಿರು ಇರುವ ಪ್ರದೇಶ ಸುಮಾರು 1.49 ಲಕ್ಷ ಚದರ ಕಿ.ಮೀ.
>
> • ಕೆಲವು ಜಾತಿಯ ಬಿದಿರು ದಿನಕ್ಕೆ 91 ಸೆಂ.ಮೀ.ವರೆಗೆ ಬೆಳೆದ ದಾಖಲೆ ಗಿನ್ನೆಸ್ ಪುಸ್ತಕದಲ್ಲಿದೆ.
>
> • ಮ್ಯಾಡ್ರಿಡ್ ವಿಮಾನ ನಿಲ್ದಾಣದ 4ನೇ ಟರ್ಮಿನಲ್‌ನ ಅಲೆಯಲೆಯಾದ ಛಾವಣಿಗೂ ಬಿದಿರಿನ ಪಟ್ಟಿಗಳನ್ನೇ ಬಳಸಿದ್ದಾರೆ.

ಹಾಕುವವರ ಕೈಚಳಕ

ಒಳ್ಳೆಯ ಹಲಗೆಯೂ ಕೆಟ್ಟ ಕೆಲಸದಲ್ಲಿ ಹಾಳಾಗುತ್ತದೆ. ಹೊಸ ಮನೆಯಲ್ಲಿ ಸಿಮೆಂಟ್ ನೆಲ ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದಿರುತ್ತದೆ. ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ತಿಂಗಳು ಒಣಗಬೇಕೆಂಬುದು ರೂಢಿಯ ಲೆಕ್ಕ. ಗೃಹಪ್ರವೇಶದ ಮುಹೂರ್ತ ಹತ್ತಿರ ಬಂತೆಂದು ಹಸಿ ನೆಲದ ಮೇಲೆ ಹಲಗೆ ಹಾಕಿಸಿದರೆ ಅದು ಅಡಿಯಿಂದ ನೀರು ಕುಡಿಯುತ್ತದೆ.

ಪರೀಕ್ಷೆ ಸುಲಭ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಡಿ. ಹಾಳೆಯ ಅಡಿಯಲ್ಲಿ ಬೆವರು ಕಂಡರೆ ಇನ್ನೂ ಕಾಯಿರಿ.

ಹಲಗೆಗಳು ಬಂದ ದಿನವೇ ಹಾಕಿಸಬಾರದು. ಅದೇ ಕೋಣೆಯಲ್ಲಿ ಕನಿಷ್ಠ ಮೂರು ದಿನ ಇಟ್ಟು, ಅಲ್ಲಿಯ ಗಾಳಿಗೆ ಹೊಂದಿಕೊಳ್ಳಲು ಬಿಡಬೇಕು. ಹಾಕುವಾಗ ಗೋಡೆಯ ಸುತ್ತ ಸುಮಾರು 10 ಮಿ.ಮೀ. ಜಾಗ ಬಿಡಬೇಕು. ಹಿಗ್ಗುವ ಹಲಗೆಗೆ ಅದೇ ದಾರಿ. ಸ್ಕರ್ಟಿಂಗ್ ಪಟ್ಟಿ ಅದನ್ನು ಮುಚ್ಚುತ್ತದೆ. ಹಳೆಯ ಟೈಲ್ಸ್ ಮೇಲೂ ಹಾಸಬಹುದು, ಆದರೆ ನೆಲ ಅರ್ಧ ಇಂಚಿಗೂ ಹೆಚ್ಚು ಏರುವುದರಿಂದ ಬಾಗಿಲುಗಳ ಕೆಳಗೆ ಕೊಯ್ಯಿಸಬೇಕಾಗುತ್ತದೆ.

ಗೆದ್ದಲಿನ ಕಾಟ ಇರುವ ನಿವೇಶನದಲ್ಲಿ ಪಾಯದ ಹಂತದಲ್ಲೇ ಗೆದ್ದಲು ನಿರೋಧಕ ಉಪಚಾರ ಮಾಡಿಸಿ. ಹಲಗೆಗೆ ಕಾರ್ಖಾನೆಯಲ್ಲಿ ಬೋರಾನ್ ಉಪಚಾರ ಆಗಿದೆ ಎಂದ ಮಾತ್ರಕ್ಕೆ ಮನೆಗೆ ರಕ್ಷಣೆ ಸಿಕ್ಕಿತು ಎಂದಲ್ಲ.

> ಅಂಗಡಿಯಲ್ಲಿ ಹೀಗೆ ಕೇಳಿ
>
> • ಗಳ ಎಷ್ಟು ವರ್ಷ ಬಲಿತದ್ದು? ಯಾವ ರಾಜ್ಯ, ಯಾವ ದೇಶದ್ದು?
>
> • ಸಾದಾನಾ, ಕಾರ್ಬನೈಸ್ಡಾ, ಸ್ಟ್ರ್ಯಾಂಡ್ ವೋವನ್ನಾ? ಹಲಗೆ ಪೂರ್ತಿ ಬಿದಿರೋ, ಮೇಲಿನ ಪದರ ಮಾತ್ರವೋ?
>
> • ಅಂಟಿನ ದರ್ಜೆಯ ಪರೀಕ್ಷಾ ವರದಿ ತೋರಿಸುತ್ತೀರಾ?
>
> • ವಾರಂಟಿ ನೀರಿನ ಹಾನಿಗೂ ಇದೆಯೇ? ಹಾಕುವ ಕೆಲಸಕ್ಕೂ ಸೇರಿದೆಯೇ?
>
> • ಮನೆಗೆ ಒಂದು ತುಂಡು ಕೊಡಿ. (ಬಕೆಟ್‌ನಲ್ಲಿ ಒಂದು ದಿನ ಮುಳುಗಿಸಿ, ಒಣಗಿಸಿ, ಪದರ ಬಿಡುತ್ತದೆಯೇ ನೋಡಿ.)
>
> • ಐದಾರು ಹಲಗೆ ಹೆಚ್ಚಿಗೆ ಕೊಳ್ಳಿ. ಮುಂದೆ ಅದೇ ಬಣ್ಣ ಸಿಗುವುದು ಕಷ್ಟ.

ಯಾರನ್ನು ಕೇಳಬೇಕು?

ಬೆಲೆಯಲ್ಲಿ ಬಿದಿರು ಸಾಮಾನ್ಯ ವಿಟ್ರಿಫೈಡ್ ಟೈಲ್ಸ್‌ಗಿಂತ ದುಬಾರಿ. ಅಡಿಹಾಸು, ಸ್ಕರ್ಟಿಂಗ್, ಕೊಯ್ದು ವ್ಯರ್ಥವಾಗುವ ಹಲಗೆ, ಕೆಲಸಗಾರರ ಕೂಲಿ ಸೇರಿದರೆ ಇನ್ನೂ ಏರುತ್ತದೆ. ಇಷ್ಟು ಕೊಟ್ಟ ಮೇಲೆ ಅದು ಎಷ್ಟು ವರ್ಷ ಬಾಳುತ್ತದೆ ಎಂಬುದು ಹಲಗೆಯ ಗಡಸುತನಕ್ಕಿಂತ ಮನೆಯ ಅಭ್ಯಾಸದ ಮೇಲೆ ನಿಂತಿದೆ.

ನಮಗೆ ನೆಲ ಶುದ್ಧವಾಯಿತು ಅನಿಸಲು ನೀರು ಹರಿಯಬೇಕು. ಹಬ್ಬದ ಹಿಂದಿನ ದಿನ ಬಕೆಟ್ ಬಕೆಟ್ ಸುರಿದು, ಕಡ್ಡಿ ಪೊರಕೆಯಲ್ಲಿ ತಳ್ಳಿ, ಬಾಗಿಲಾಚೆ ಹೊರಡಿಸಿದರೆ ಸಮಾಧಾನ. ಉಳಿದ ದಿನಗಳಲ್ಲೂ ಫಿನಾಯಿಲ್ ನೀರಲ್ಲಿ ಅದ್ದಿದ ಬಟ್ಟೆ ತೊಟ್ಟಿಕ್ಕುತ್ತಲೇ ನೆಲ ಸೇರುತ್ತದೆ. ಬಿದಿರು ನೆಲಕ್ಕೆ ಬೇಕಾದದ್ದು ಮೊದಲು ಒಣ ಗುಡಿಸುವಿಕೆ, ಆಮೇಲೆ ಚೆನ್ನಾಗಿ ಹಿಂಡಿದ ಮೆತ್ತನೆ ಬಟ್ಟೆ, ಕ್ಷಾರವಿಲ್ಲದ ಸೌಮ್ಯ ದ್ರಾವಣ. ಹಬೆಯ ಮಾಪ್ ಅಂತೂ ಕೂಡದು.

ಇದನ್ನು ಪಾಲಿಸಬೇಕಾದವರು ಷೋರೂಮಿಗೆ ಬಂದಿರುವುದಿಲ್ಲ. ನೆಲ ಆರಿಸುವವರು ಮನೆಯ ಯಜಮಾನರು, ಒಳಾಂಗಣ ವಿನ್ಯಾಸಕಾರರು. ಒರೆಸುವವರು ಬೆಳಗ್ಗೆ ನಾಲ್ಕು ಮನೆ ಮುಗಿಸಬೇಕಾದ ಅವಸರದಲ್ಲಿ ಬರುವ ಕೆಲಸದಾಕೆ, ಇಲ್ಲವೇ ಮನೆಯ ಅಮ್ಮ. ಬಟ್ಟೆ ಎರಡೆರಡು ಸಲ ಹಿಂಡಿ ಒರೆಸಲು ಸಮಯವೂ ಹೆಚ್ಚು ಬೇಕು, ರಟ್ಟೆಗೂ ಶ್ರಮ. ಆ ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ಸಂಬಳ ಕೊಡುವ ಮನಸ್ಸಿಲ್ಲದ ಮನೆಗೆ ಬಿದಿರು ನೆಲ ಸಲ್ಲದು.

ಆದ್ದರಿಂದ ಮಾದರಿ ಹಲಗೆಯನ್ನು ಮೊದಲು ಅವರ ಮುಂದಿಟ್ಟು ಕೇಳಿ. ಅವರು 'ಆಗುತ್ತೆ' ಅಂದರೆ ಮುಂಗಡ ಕೊಡಿ.